ಪೆಟ್ಟಿಗೆಯೊಳಗೆ ಲಿನಕ್ಸ್ ಇದೆ, ಲಿನಕ್ಸ್ ಬಳಸುವವರಿಗೆ ಮಾತ್ರ ಬಾಗಿಲು ಮುಚ್ಚಿದೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ ಬೇಕು ಅನ್ನುವವರಿಗೆ ಬೇರೊಂದು ದಾರಿ ಇಟ್ಟಿದೆ, ಅದು ಬೇರೆ ಮಾತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಚಿಪ್ ಬೇಕು, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ರೇ ಬೇಕು. ಹೀಗಾಗಿ ಕೀಬೋರ್ಡು, ಪರದೆ, ಹಾರ್ಡ್ ಡಿಸ್ಕ್ ಎಲ್ಲವೂ ಚೆನ್ನಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಒಂದೇ ದಿನದಲ್ಲಿ ಹಳೆಯವಾಗಿಬಿಟ್ಟವು.

ಅದಕ್ಕಿಂತ ಸ್ವಲ್ಪ ಮೊದಲಿನಿಂದಲೇ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. "ಲಿನಕ್ಸ್ ಹಾಕ್ಕೊಡ್ತೀರಾ?" ನೆಂಟರು, ನೆರೆಯವರು, ನೆಂಟರ ನೆಂಟರು. ಹಾಕಿಕೊಡುತ್ತೇನೆ, ಅದರಲ್ಲೇನೂ ಸಾಹಸವಿಲ್ಲ. ಲಿನಕ್ಸ್ ಮಿಂಟ್ ಹಾಕಲು ಅರ್ಧ ಗಂಟೆ ಸಾಕು. ಬ್ರೌಸರ್ ಓಡುತ್ತದೆ, ಕನ್ನಡ ಟೈಪಿಂಗ್ ಕೂರುತ್ತದೆ, ಪ್ರಿಂಟರ್ ಬಹುತೇಕ ತಾನಾಗಿಯೇ ಸಿಗುತ್ತದೆ. ಹತ್ತು ವರ್ಷದ ಹಿಂದೆ ಇದ್ದ ತಲೆನೋವಿನ ಅರ್ಧವೂ ಈಗ ಇಲ್ಲ. ಆದರೆ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಟಿವಿಗೆ ಹೋಗುತ್ತಾ ಇದು?"

ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಿಲ್ಲ. ತಂತ್ರಜ್ಞಾನ ಕಷ್ಟದ್ದು ಅನ್ನುವುದು ಅದಕ್ಕೆ ಮುಖ್ಯ ಕಾರಣ ಅಲ್ಲ.

ಸಾಗರದ ಹತ್ತಿರದ ಒಬ್ಬ ನಿವೃತ್ತ ಮೇಷ್ಟ್ರ ಉದಾಹರಣೆ ಹೇಳುತ್ತೇನೆ. ಅವರ ಹತ್ತಿರ ಇಪ್ಪತ್ತು ವರ್ಷ ಅಲ್ಲಲ್ಲಿ ಓಡಾಡಿ ರೆಕಾರ್ಡ್ ಮಾಡಿಕೊಂಡ ತಾಳಮದ್ದಳೆ ಕೂಟಗಳ ಆಡಿಯೊ, ವಿಡಿಯೊ ಇದೆ. ಅದರಲ್ಲಿ ಮಾತಾಡಿದ ಅರ್ಥಧಾರಿಗಳಲ್ಲಿ ಹಲವರು ಈಗಿಲ್ಲ. ಎಲ್ಲವೂ ಒಂದು ಹಾರ್ಡ್ ಡಿಸ್ಕ್‌ನಲ್ಲಿ. ಮಗ ಟಿವಿಗೆ ಸಿಕ್ಕಿಸಿ ಹೋದ ಒಂದು ಸ್ಟ್ರೀಮಿಂಗ್ ಸ್ಟಿಕ್ ಇತ್ತು, ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ವಿಂಡೋಸ್ ಇದ್ದಾಗ ಲ್ಯಾಪ್‌ಟಾಪಿನ ಪರದೆ ಟಿವಿಯಲ್ಲಿ ಕಾಣುತ್ತಿತ್ತು. ಲಿನಕ್ಸ್ ಹಾಕಿದ ಮೇಲೆ ಲ್ಯಾಪ್‌ಟಾಪಿನ ಕಣ್ಣಿಗೆ ಆ ಸ್ಟಿಕ್ ಬೀಳಲೇ ಇಲ್ಲ. ಮೇಷ್ಟ್ರು ಕೇಳಿದರು: "ಅಲ್ಲ ಮಾರಾಯ, ಟಿವಿ ನಂದು, ಲ್ಯಾಪ್‌ಟಾಪು ನಂದು, ರೆಕಾರ್ಡು ಮಾಡಿದವ ನಾನು, ವೈಫೈ ಬಿಲ್ಲು ಕಟ್ಟುವವನೂ ನಾನೇ. ಎರಡು ಮಾರು ದೂರದ ಎರಡು ಡಬ್ಬ ಮಾತಾಡ್ಲಿಕ್ಕೆ ಯಾರ ಅಪ್ಪಣೆ ಬೇಕು?"

ಇಡೀ ವಿಷಯ ಇರುವುದೇ ಆ 'ಅಪ್ಪಣೆ'ಯಲ್ಲಿ.

ಈ ಪೆಟ್ಟಿಗೆಗಳು ಕೆಲಸ ಮಾಡುವ ರೀತಿ ನೋಡಿ. ಗೂಗಲ್‌ನ ಕ್ರೋಮ್‌ಕಾಸ್ಟ್ 2013ರ ಜುಲೈಯಲ್ಲಿ 35 ಡಾಲರಿಗೆ ಮಾರುಕಟ್ಟೆಗೆ ಬಂತು. ನಾವು ಫೋನಿನಿಂದ 'ಕಾಸ್ಟ್' ಒತ್ತಿದಾಗ ಸಾಮಾನ್ಯವಾಗಿ ಫೋನು ವಿಡಿಯೊವನ್ನು ಟಿವಿಗೆ ಕಳಿಸುವುದಿಲ್ಲ. ವಿಡಿಯೊ ಎಲ್ಲಿದೆ ಅನ್ನುವ ವಿಳಾಸವನ್ನಷ್ಟೇ ಹೇಳುತ್ತದೆ, ಪೆಟ್ಟಿಗೆ ತಾನೇ ಹೋಗಿ ತಂದುಕೊಳ್ಳುತ್ತದೆ. ಅದಕ್ಕೂ ಮೊದಲು ಫೋನು ಮನೆಯ ನೆಟ್‌ವರ್ಕಿನಲ್ಲಿ "ಯಾರಾದ್ರೂ ಇದ್ದೀರಾ?" ಅಂತ ಕೂಗು ಹಾಕಬೇಕು. ಇದಕ್ಕೆ ಎಂಡಿಎನ್‌ಎಸ್ ಎಂಬ ಮುಕ್ತ ಪದ್ಧತಿ ಇದೆ, 5353 ಎಂಬ ಪೋರ್ಟಿನಲ್ಲಿ. ಲಿನಕ್ಸ್‌ನ ಫೈರ್‌ವಾಲ್ ಈ ಕೂಗಿನ ಉತ್ತರವನ್ನು ತಡೆದರೆ ಪೆಟ್ಟಿಗೆ ಕಾಣುವುದಿಲ್ಲ. ರೂಟರಿನಲ್ಲಿ ಒಂದು ಉಪಕರಣ ಇನ್ನೊಂದನ್ನು ನೋಡದ ಹಾಗೆ ಮಾಡುವ ಸೆಟ್ಟಿಂಗ್ ಆನ್ ಆಗಿದ್ದರೂ ಅಷ್ಟೇ. ಇಂಥ ತೊಂದರೆ ಸಿಕ್ಕರೆ ನನಗೆ ಖುಷಿಯೇ, ಏಕೆಂದರೆ ಇದು ನಮ್ಮ ಕೈಯಲ್ಲಿ ಇರುವಂಥದ್ದು. ಐದು ನಿಮಿಷದ ಕೆಲಸ.

ಕಂಡ ಮೇಲೆ ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನುವುದು ಎರಡನೇ ಹಂತ. ಕಂಪನಿಗಳು ಆ್ಯಪ್ ಮಾಡುವವರಿಗೆ ತಮ್ಮದೇ ಕಿಟ್ ಕೊಡುತ್ತವೆ, ಒಳಗಿನ ಭಾಷೆಯ ಪೂರ್ತಿ ವ್ಯಾಕರಣ ಕೊಡುವುದಿಲ್ಲ. ಬೇರೆಯವರು ಕೂತು, ನೆಟ್‌ವರ್ಕಿನಲ್ಲಿ ಹರಿದುಹೋಗುವುದನ್ನು ನೋಡಿ ನೋಡಿ ಕಲಿತದ್ದೇ ಹೆಚ್ಚು. 2018ರ ಫೆಬ್ರುವರಿಯಲ್ಲಿ ಬಂದ ವಿಎಲ್‌ಸಿ 3.0ರಲ್ಲಿ ಕ್ರೋಮ್‌ಕಾಸ್ಟಿಗೆ ಕಳಿಸುವ ಸೌಲಭ್ಯ ಸೇರಿದ್ದು ಲಿನಕ್ಸ್ ಬಳಸುವವರಿಗೆ ದೊಡ್ಡ ಉಪಕಾರ. ಆದರೆ ಪೆಟ್ಟಿಗೆಗೆ ಬಾರದ ಫಾರ್ಮ್ಯಾಟಿನ ಫೈಲ್ ಆದರೆ ವಿಎಲ್‌ಸಿ ಅಲ್ಲೇ ಕೂತು ಅದನ್ನು ಪರಿವರ್ತಿಸಿ ಕಳಿಸಬೇಕು. ಹಳೇ ಲ್ಯಾಪ್‌ಟಾಪಿನ ಫ್ಯಾನು ಆಗ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ವಿಂಡೋಸ್ ಬಳಸುವ ಮಿರಾಕಾಸ್ಟ್ ಪದ್ಧತಿಗೂ ಲಿನಕ್ಸ್‌ನಲ್ಲಿ ಗ್ನೋಮ್ ನೆಟ್‌ವರ್ಕ್ ಡಿಸ್ಪ್ಲೇಸ್ ಅನ್ನುವ ಸಾಫ್ಟ್‌ವೇರ್ ಇದೆ. ಅದು ವೈಫೈ ಚಿಪ್ಪಿನ ಡ್ರೈವರ್ ಮೇಲೆ ನಿಂತಿದೆ. ಒಂದು ಲ್ಯಾಪ್‌ಟಾಪಿನಲ್ಲಿ ಮೊದಲ ಸಲವೇ ಬರುತ್ತದೆ, ಇನ್ನೊಂದರಲ್ಲಿ ಎಷ್ಟು ಗುದ್ದಾಡಿದರೂ ಇಲ್ಲ. ಮೇಷ್ಟ್ರದ್ದು ಎರಡನೇ ಜಾತಿ.

ಇಲ್ಲಿ ಒಂದು ವಿಚಿತ್ರ ಇದೆ. ಲಿನಕ್ಸ್ ಜೊತೆ ಮಾತಾಡಲು ಒಲ್ಲೆ ಅನ್ನುವ ಈ ಪೆಟ್ಟಿಗೆಗಳ ಒಳಗೆ ಇರುವುದು ಲಿನಕ್ಸೇ. ಕ್ರೋಮ್‌ಕಾಸ್ಟ್ ಒಳಗೆ ಲಿನಕ್ಸ್ ಕರ್ನಲ್. ರೋಕು ಪೆಟ್ಟಿಗೆಗಳಲ್ಲಿ ಅದೇ. ಎಲ್‌ಜಿ ಟಿವಿಗಳ ವೆಬ್‌ಒಎಸ್, ಸ್ಯಾಮ್‌ಸಂಗ್‌ನ ಟೈಜೆನ್ ಎರಡೂ ಲಿನಕ್ಸ್ ಆಧಾರಿತ. ಅಮೆಜಾನ್ 2025ರ ಸೆಪ್ಟೆಂಬರಿನಲ್ಲಿ ಫೈರ್ ಟಿವಿ ಸ್ಟಿಕ್ 4ಕೆ ಸೆಲೆಕ್ಟ್ ಜೊತೆಗೆ ತಂದ ವೇಗಾ ಒಎಸ್ ಕೂಡ ಲಿನಕ್ಸ್ ಮೇಲೆ ಕಟ್ಟಿದ್ದೇ. ಅದರಲ್ಲಿ ಅಂಗಡಿಯ ಹೊರಗಿನ ಆ್ಯಪ್‌ಗಳನ್ನು ಸಾಮಾನ್ಯ ಬಳಕೆದಾರ ಹಾಕಿಕೊಳ್ಳುವ ಹಾಗೂ ಇಲ್ಲ. ಸಾವಿರಾರು ಜನ ಬರೆದು ಹಂಚಿದ್ದನ್ನು ಉಚಿತವಾಗಿ ತಗೊಂಡು, ಅದೇ ಜನರ ಲ್ಯಾಪ್‌ಟಾಪಿಗೆ 'ನೀನು ಯಾರು' ಅನ್ನುವುದು!

ಇದೇನೂ ಹೊಸದಲ್ಲ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಅಮೆರಿಕದ ಟಿವೊ ಪೆಟ್ಟಿಗೆಯಲ್ಲಿ ಲಿನಕ್ಸ್ ಇತ್ತು, ಸೋರ್ಸ್ ಕೋಡೂ ಕೊಟ್ಟಿದ್ದರು. ಆದರೆ ಅದನ್ನು ತಿದ್ದಿ ವಾಪಸ್ ಹಾಕಿದರೆ ಪೆಟ್ಟಿಗೆ ಶುರುವೇ ಆಗುತ್ತಿರಲಿಲ್ಲ, ಕಂಪನಿಯ ಸಹಿ ಇಲ್ಲ ಅಂತ. 'ಟಿವೊಯಿಸೇಷನ್' ಅನ್ನುವ ಪದ ಹುಟ್ಟಿದ್ದೇ ಹಾಗೆ. 2007ರಲ್ಲಿ ಬಂದ ಜಿಪಿಎಲ್ 3ನೇ ಆವೃತ್ತಿ ಇದನ್ನು ತಡೆಯಲು ಹೊರಟಿತು. ಲಿನಕ್ಸ್ ಕರ್ನಲ್ ಮಾತ್ರ 2ನೇ ಆವೃತ್ತಿಯಲ್ಲೇ ಉಳಿಯಿತು, ಅದರ ಲಾಭ ಪೆಟ್ಟಿಗೆ ಕಂಪನಿಗಳಿಗೆ ಸಿಕ್ಕಿತು. 2021ರ ಅಕ್ಟೋಬರಿನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆ ಟಿವಿ ತಯಾರಿಸುವ ವಿಜಿಯೊ ಕಂಪನಿ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದಾಗ ಇಟ್ಟ ವಾದ ನನಗೆ ಹಿಡಿಸಿತು. ಸೋರ್ಸ್ ಕೋಡ್ ಕೇಳುವ ಹಕ್ಕು ಅದನ್ನು ಬರೆದವನಿಗೆ ಮಾತ್ರವಲ್ಲ, ಟಿವಿ ಕೊಂಡ ಗ್ರಾಹಕನಿಗೂ ಇದೆ ಅನ್ನುವುದು ಆ ವಾದ.

ಮೂರನೇ ಹಂತಕ್ಕೆ ಬರೋಣ. ಇದು ಬೀಗದ ವಿಷಯ. ಚಂದಾ ಕಟ್ಟಿ ನೋಡುವ ಸಿನಿಮಾಗಳಿಗೆ ಗೂಗಲ್‌ನ ವೈಡ್‌ವೈನ್ ಎಂಬ ಬೀಗ ಇರುತ್ತದೆ. ಇದರಲ್ಲಿ ಮಟ್ಟಗಳಿವೆ. ಎಲ್1 ಅಂದರೆ ಬೀಗ ತೆಗೆಯುವ ಕೆಲಸ ಚಿಪ್ಪಿನೊಳಗಿನ ಸುರಕ್ಷಿತ ಭಾಗದಲ್ಲಿ ನಡೆಯುತ್ತದೆ. ಎಲ್3 ಅಂದರೆ ಬರೀ ಸಾಫ್ಟ್‌ವೇರಿನಲ್ಲಿ. ಡೆಸ್ಕ್‌ಟಾಪ್ ಲಿನಕ್ಸಿನ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಸಿಗುವುದು ಎಲ್3. ಹಾಗಾಗಿ 4ಕೆ ಸಿಗುವುದಿಲ್ಲ, ಕೆಲವು ಸೇವೆಗಳು ಅದಕ್ಕಿಂತಲೂ ತೀರಾ ಕೆಳಗೆ ಇಳಿಸಿಬಿಡುತ್ತವೆ. ದೊಡ್ಡ ಪ್ಲಾನಿನ ದುಡ್ಡು ಕಟ್ಟಿದವರಿಗೂ ಇದೇ ಗತಿ.

"ಲಿನಕ್ಸ್ ಸುರಕ್ಷಿತವಲ್ಲ, ಎಲ್ಲವನ್ನೂ ತಿದ್ದಬಹುದು, ಸ್ಟುಡಿಯೊಗಳು ಒಪ್ಪಲ್ಲ" ಅನ್ನುವ ಸಮಜಾಯಿಷಿ ಕೇಳಿದ್ದೇನೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಲಿನಕ್ಸ್ ಕರ್ನಲ್ಲೇ, ಕ್ರೋಮ್‌ಬುಕ್‌ನಲ್ಲಿರುವುದೂ ಅದೇ. ಅವಕ್ಕೆ ಎಲ್1 ಸಿಗುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಬೀಗದ ಕೈ ಕಂಪನಿಯ ಹತ್ತಿರ ಇದೆ, ನನ್ನ ಲ್ಯಾಪ್‌ಟಾಪಿನಲ್ಲಿ ಯಂತ್ರದ ಪೂರ್ತಿ ಯಜಮಾನಿಕೆ ನನ್ನದು. ಯಾರ ಯಂತ್ರ ಯಾರ ಮಾತು ಕೇಳಬೇಕು ಅನ್ನುವ ಜಗಳಕ್ಕೆ ಸುರಕ್ಷತೆ ಅಂತ ಹೆಸರಿಟ್ಟಿದ್ದಾರೆ. ಕಳ್ಳ ಪ್ರತಿ ಇಳಿಸಿಕೊಳ್ಳುವವನಿಗೆ ಲಿನಕ್ಸ್ ಮೇಲೂ 4ಕೆ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತೊಂದರೆ ಆಗುತ್ತಿರುವುದು ದುಡ್ಡು ಕೊಟ್ಟವನಿಗೆ. ಈ ಬೀಗಗಳಿಗೆ ವೆಬ್ ಮಾನದಂಡದಲ್ಲೇ ಜಾಗ ಕೊಡಲು ಡಬ್ಲ್ಯು3ಸಿ 2017ರ ಸೆಪ್ಟೆಂಬರ್ 18ರಂದು ಒಪ್ಪಿದಾಗ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಆ ಒಕ್ಕೂಟದಿಂದಲೇ ಹೊರನಡೆಯಿತು. ಆಗ ಅತಿಯಾಯಿತು ಅಂದವರಿದ್ದರು. ಈಗ ನನಗೆ ಹಾಗನ್ನಿಸುವುದಿಲ್ಲ.

ಕಂಪನಿಗಳ ಇನ್ನೊಂದು ವಾದದಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಲಿನಕ್ಸ್ ಅಂದರೆ ಒಂದಲ್ಲ, ನೂರಾರು ಬಗೆ, ಬಳಸುವವರೂ ಕಡಿಮೆ, ಎಲ್ಲಕ್ಕೂ ಆ್ಯಪ್ ಮಾಡಿ ಸಹಾಯವಾಣಿ ಇಡಲು ಆಗಲ್ಲ ಅನ್ನುತ್ತಾರೆ. ಸರಿ. ಆದರೆ ಆ್ಯಪ್ ಮಾಡಿಕೊಡಿ ಅಂತ ಕೇಳುತ್ತಿರುವವರು ಯಾರು? ನಿಮ್ಮ ಪೆಟ್ಟಿಗೆ ಯಾವ ಭಾಷೆ ಆಡುತ್ತದೆ ಅಂತ ಬರೆದು ಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನುವುದಷ್ಟೇ ಬೇಡಿಕೆ. ಹೀಗೆ ಬರೆದು ಕೊಡದೆ ಇದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಚರಿತ್ರೆ ಇದೆ. 1999ರಲ್ಲಿ ನಾರ್ವೆಯ ಹದಿಹರೆಯದ ಹುಡುಗ ಯೋನ್ ಲೆಕ್ ಯೊಹಾನ್‌ಸನ್ ಮತ್ತು ಅವನ ಜೊತೆಗಾರರು ಡಿವಿಡಿಯ ಬೀಗ ತೆಗೆಯುವ ಡಿಸಿಎಸ್‌ಎಸ್ ಹೊರತಂದರು. ಕೊಂಡ ಡಿವಿಡಿಯನ್ನು ಲಿನಕ್ಸ್‌ನಲ್ಲಿ ನೋಡಲು ದಾರಿ ಇರಲಿಲ್ಲ ಅನ್ನುವುದು ಅವನ ಸಮರ್ಥನೆ. ಮೊಕದ್ದಮೆ ನಡೆಯಿತು, 2003ರಲ್ಲಿ ಕೆಳ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ ಎರಡರಲ್ಲೂ ಬಿಡುಗಡೆ. ಮರುವರ್ಷ ಅದೇ ಯೊಹಾನ್‌ಸನ್ ಆ್ಯಪಲ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಪೆಟ್ಟಿಗೆಗೆ ಬೇರೆ ಸಾಫ್ಟ್‌ವೇರಿನಿಂದ ಹಾಡು ಕಳಿಸುವ ದಾರಿ ತೋರಿಸಿದ. 2011ರಲ್ಲಿ ಜೇಮ್ಸ್ ಲೇರ್ಡ್ ಅದೇ ಪೆಟ್ಟಿಗೆಯ ಒಳಗಿನ ಗುಪ್ತ ಕೀಲಿಯನ್ನು ಹೊರತೆಗೆದು ಶೇರ್‌ಪೋರ್ಟ್ ಬಿಡುಗಡೆ ಮಾಡಿದ. ಇವತ್ತು ಎರಡು ಸಾವಿರ ಚಿಲ್ಲರೆ ರೂಪಾಯಿಯ ರಾಸ್‌ಪ್ಬೆರಿ ಪೈ ಬೋರ್ಡೊಂದು ಹಳೇ ಸ್ಪೀಕರಿಗೆ ಐಫೋನಿನಿಂದ ಹಾಡು ತಗೊಳ್ಳುತ್ತಿದ್ದರೆ ಅದರ ಹಿಂದೆ ಈ ಕೆಲಸ ಇದೆ. ಕಂಪನಿ ಎರಡು ಪುಟ ಬರೆದಿದ್ದರೆ ಯಾರೂ ಕೀಲಿ ಕೀಳಬೇಕಾಗಿರಲಿಲ್ಲ.

ಲಿನಕ್ಸ್ ಬಳಸದವರು ಇದು ನಮ್ಮ ತಲೆನೋವಲ್ಲ ಅಂದುಕೊಳ್ಳಬಹುದು. ಅವರಿಗೆ 2025ರ ಮಾರ್ಚ್ 9 ನೆನಪಿಸುತ್ತೇನೆ. ಅವತ್ತು ಜಗತ್ತಿನಾದ್ಯಂತ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್, ಕ್ರೋಮ್‌ಕಾಸ್ಟ್ ಆಡಿಯೊ ಒಟ್ಟಿಗೆ ಕೈಕೊಟ್ಟವು. ಹಾರ್ಡ್‌ವೇರ್ ಕೆಟ್ಟಿರಲಿಲ್ಲ. ಪೆಟ್ಟಿಗೆ ಅಸಲಿ ಅಂತ ಸಾಬೀತು ಮಾಡುವ ಡಿಜಿಟಲ್ ಪ್ರಮಾಣಪತ್ರದ ಸರಪಳಿಯಲ್ಲಿ ಒಂದರ ಹತ್ತು ವರ್ಷದ ಅವಧಿ ಮುಗಿದಿತ್ತು. ಫೋನಿನ ಆ್ಯಪ್ ಅದನ್ನು ನೋಡಿ "ಈ ಉಪಕರಣ ನಂಬಲರ್ಹವಲ್ಲ" ಅಂದುಬಿಟ್ಟಿತು. ಗಮನಿಸಿ, ಆ ತಪಾಸಣೆ ಮಾಡುವುದು ಕಳಿಸುವ ಕಡೆಯ ಆ್ಯಪ್. ಪೆಟ್ಟಿಗೆ ಹಾಡಲು ತಯಾರಾಗಿಯೇ ಇತ್ತು! ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಅಂತ ಗೂಗಲ್ ಹೇಳುವಷ್ಟರಲ್ಲಿ ಎಷ್ಟೋ ಜನ ಮಾಡಿ ಆಗಿತ್ತು, ಅವರು ಇನ್ನೂ ಕೆಲವು ದಿನ ಕಾಯಬೇಕಾಯಿತು. ಗೂಗಲ್ ಸರಿಮಾಡಿತು, ಒಪ್ಪೋಣ. ಮಾಡದಿದ್ದರೂ ಕೇಳುವವರು ಇರಲಿಲ್ಲ.

ಮಾಡದೆ ಬಿಟ್ಟದ್ದಕ್ಕೂ ಉದಾಹರಣೆ ಇದೆ. ಸ್ಪಾಟಿಫೈ ಅಮೆರಿಕದಲ್ಲಿ ಕಾರಿಗೆಂದು 'ಕಾರ್ ಥಿಂಗ್' ಮಾರಿತು. 2022ರಲ್ಲೇ ತಯಾರಿಕೆ ನಿಲ್ಲಿಸಿತು, 2024ರ ಡಿಸೆಂಬರ್ 9ಕ್ಕೆ ಕೊಂಡವರ ಕೈಯಲ್ಲಿದ್ದ ಎಲ್ಲವನ್ನೂ ಆರಿಸಿಬಿಟ್ಟಿತು. ಇ-ತ್ಯಾಜ್ಯಕ್ಕೆ ಹಾಕಿ ಅನ್ನುವುದು ಕಂಪನಿಯ ಸಲಹೆ. ಜನ ಗಲಾಟೆ ಮಾಡಿದ ಮೇಲೆ ರಸೀದಿ ತೋರಿಸಿದವರಿಗೆ ದುಡ್ಡು ವಾಪಸ್ ಕೊಡುವ ಮಾತು ಬಂತು. ಅದರೊಳಗೂ ಲಿನಕ್ಸೇ ಇತ್ತು. ಆಸಕ್ತರು ಅದನ್ನು ಬಿಚ್ಚಿ ಮೇಜಿನ ಮೇಲಿನ ಪುಟ್ಟ ಪರದೆಯಾಗಿ ಬಳಸುತ್ತಿದ್ದಾರೆ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ಕಥೆ. ನನಗೆ ಬಹಳ ಇಷ್ಟದ್ದು. ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ 2001ರಲ್ಲಿ ಸ್ಲಿಂಪ್3 ಎಂಬ ಪೆಟ್ಟಿಗೆ ಮಾಡಿತು, ಆಮೇಲೆ ಸ್ಕ್ವೀಜ್‌ಬಾಕ್ಸ್. ಕಂಪ್ಯೂಟರಿನಲ್ಲಿರುವ ಹಾಡನ್ನು ನೆಟ್‌ವರ್ಕ್ ಮೂಲಕ ತಂದು ಸ್ಟೀರಿಯೊದಲ್ಲಿ ಹಾಡಿಸುವುದು ಅದರ ಕೆಲಸ. ಪೆಟ್ಟಿಗೆ ಕಂಪನಿಯದ್ದು, ಮಾರಾಟದ್ದು. ಆದರೆ ಹಾಡು ಕಳಿಸುವ ಸರ್ವರ್ ಸಾಫ್ಟ್‌ವೇರನ್ನು ಪರ್ಲ್ ಭಾಷೆಯಲ್ಲಿ ಬರೆದು ಜಿಪಿಎಲ್ ಪರವಾನಗಿಯಲ್ಲಿ ಮುಕ್ತವಾಗಿ ಬಿಟ್ಟರು. ಮೊದಲಿನಿಂದಲೇ ಲಿನಕ್ಸ್ ಮೇಲೆ ಓಡುತ್ತಿತ್ತು. 2006ರಲ್ಲಿ ಲಾಜಿಟೆಕ್ ಕಂಪನಿ ಅದನ್ನು ಕೊಂಡಿತು, 2012ರಲ್ಲಿ ಆ ಸಾಲಿನ ಉತ್ಪನ್ನಗಳನ್ನು ನಿಲ್ಲಿಸಿತು. 2024ರಲ್ಲಿ ಅಂತರ್ಜಾಲದ ಸೇವೆಯನ್ನೂ ಮುಚ್ಚಿತು. ಕಾರ್ ಥಿಂಗ್‌ನ ಕಥೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ಕೋಡ್ ಎಲ್ಲರ ಕೈಯಲ್ಲಿತ್ತು, ಬಳಕೆದಾರರೇ ಅದನ್ನು ಲಿರಿಯಾನ್ ಮ್ಯೂಸಿಕ್ ಸರ್ವರ್ ಅಂತ ಹೊಸ ಹೆಸರಿಟ್ಟು ನಡೆಸುತ್ತಿದ್ದಾರೆ. ಸ್ವಂತ ಸರ್ವರ್ ಇಲ್ಲದೆ ಕಂಪನಿಯ ಸೇವೆಯಿಂದಲೇ ಇಂಟರ್ನೆಟ್ ರೇಡಿಯೊ ಕೇಳುತ್ತಿದ್ದವರಿಗೆ ತೊಂದರೆ ಆಯಿತು, ಅವರು ಒಂದು ಹಳೇ ಕಂಪ್ಯೂಟರಿನಲ್ಲೋ ರಾಸ್‌ಪ್ಬೆರಿ ಪೈನಲ್ಲೋ ಸರ್ವರ್ ಹಾಕಿಕೊಳ್ಳಬೇಕಾಯಿತು. ಆದರೆ ಪೆಟ್ಟಿಗೆ ಕಸಕ್ಕೆ ಹೋಗಲಿಲ್ಲ. ಇಪ್ಪತ್ತು ವರ್ಷ ಹಳೆಯ ಸ್ಕ್ವೀಜ್‌ಬಾಕ್ಸ್‌ಗಳು ಈಗಲೂ ಹಾಡುತ್ತಿವೆ. ಎರಡೂ ಖಾಸಗಿ ಕಂಪನಿಯ ಪೆಟ್ಟಿಗೆಗಳೇ, ಎರಡನ್ನೂ ಕಂಪನಿ ಕೈಬಿಟ್ಟಿತು. ಒಂದರ ಮಾತು ಯಾರು ಬೇಕಾದರೂ ಕಲಿಯುವ ಹಾಗೆ ಇತ್ತು, ಇನ್ನೊಂದರದ್ದು ಇರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಅಮೆರಿಕದ 1998ರ ಡಿಎಂಸಿಎ ಕಾಯ್ದೆ ಬೀಗ ತೆಗೆಯುವುದನ್ನೇ ಅಪರಾಧ ಮಾಡಿ, ಆಮೇಲೆ ಸಣ್ಣ ಸಣ್ಣ ವಿನಾಯಿತಿ ಕೊಡುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಶಿಕ್ಷೆ, ಎರಡು ವರ್ಷದವರೆಗೆ ಜೈಲು. ಉದ್ದೇಶ ಅನ್ನುವ ಆ ಒಂದು ಪದಕ್ಕೆ ಬಹಳ ತೂಕ ಇದೆ. ಇನ್ನು 52(1)(ಎಬಿ) ಕಲಂ, ಸಾಫ್ಟ್‌ವೇರನ್ನು ಕಾನೂನುಬದ್ಧವಾಗಿ ಹೊಂದಿರುವವನು ಅದು ಬೇರೆ ಸಾಫ್ಟ್‌ವೇರ್ ಜೊತೆ ಹೊಂದಿಕೊಳ್ಳಲು ಬೇಕಾದ ಮಾಹಿತಿಯನ್ನು, ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ತಾನೇ ಹುಡುಕಿಕೊಳ್ಳಬಹುದು ಅನ್ನುತ್ತದೆ. ಅಂದರೆ ಇಣುಕಿ ನೋಡುವ ಹಕ್ಕು ನಮಗಿದೆ. ಕಂಪನಿಗೆ ಹೇಳುವ ಕರ್ತವ್ಯ ಮಾತ್ರ ಇಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿತು. ಟ್ರ್ಯಾಕ್ಟರು, ಮೊಬೈಲು, ಫ್ರಿಡ್ಜು, ವಾಹನ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಅದು ಬಿಡಿಭಾಗ, ಕೈಪಿಡಿ, ಸರ್ವಿಸ್ ಸೆಂಟರುಗಳ ಲೆಕ್ಕದಲ್ಲಿ ಯೋಚಿಸುತ್ತದೆ. ಸರ್ವರ್ ಮುಚ್ಚಿದಾಗ ಸಾಯುವ ಪೆಟ್ಟಿಗೆಗೆ ಯಾವ ಬಿಡಿಭಾಗ ತರುತ್ತೀರಿ? ಸೇವೆ ನಿಲ್ಲಿಸುವ ಕಂಪನಿ ಮನೆಯೊಳಗಿನ ನೆಟ್‌ವರ್ಕಿನಲ್ಲಿ ಪೆಟ್ಟಿಗೆ ಬಳಸಲು ಬೇಕಾದ ಪ್ರೋಟೋಕಾಲ್ ವಿವರ ಪ್ರಕಟಿಸಬೇಕು ಅನ್ನುವ ಒಂದು ನಿಯಮವನ್ನು ಆ ಚೌಕಟ್ಟಿಗೆ ಸೇರಿಸುವುದು ಅಸಾಧ್ಯವೇನಲ್ಲ. ಯುರೋಪಿಯನ್ ಕಮಿಷನ್ 2025ರ ಮಾರ್ಚಿನಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಡಿ ಆ್ಯಪಲ್‌ಗೆ ಕೊಟ್ಟ ಆದೇಶದಲ್ಲಿ, ಬೇರೆ ಕಂಪನಿಗಳ ಉಪಕರಣಗಳಿಗೂ ಐಫೋನಿನಿಂದ ಕಾಸ್ಟ್ ಮಾಡಲು ಅವಕಾಶ ಇರಬೇಕು ಅನ್ನುವುದೂ ಸೇರಿದೆ. ಹೇಳುವವರು ಹೇಳಿದರೆ ಆಗುತ್ತದೆ.

ನಮ್ಮಲ್ಲಿ ಹೇಳಿಯೂ ಆಗದಿರುವುದು ಸೆಟ್‌ಟಾಪ್ ಬಾಕ್ಸ್. ಟ್ರಾಯ್ 2020ರ ಏಪ್ರಿಲಿನಲ್ಲೇ, ಒಬ್ಬ ಆಪರೇಟರನ್ನು ಬಿಟ್ಟು ಇನ್ನೊಬ್ಬನ ಕಡೆ ಹೋದರೂ ಅದೇ ಬಾಕ್ಸ್ ನಡೆಯುವಂತಿರಬೇಕು ಅಂತ ಶಿಫಾರಸು ಮಾಡಿತ್ತು. ನಿಮ್ಮ ಮನೆಯ ಅಟ್ಟದ ಮೇಲೆ ಎಷ್ಟು ಹಳೇ ಬಾಕ್ಸ್ ಇವೆ ಎಣಿಸಿ ನೋಡಿ, ಅದರ ಗತಿ ಏನಾಯಿತು ಅಂತ ಗೊತ್ತಾಗುತ್ತದೆ. ಅದೇ ಹೊತ್ತಿಗೆ, 2004ರಿಂದ ನಡೆಯುತ್ತಿರುವ ಸರ್ಕಾರಿ ಡಿಡಿ ಫ್ರೀ ಡಿಶ್ ನೋಡಿ. ಡಿವಿಬಿ ಎಂಬ ಮುಕ್ತ ಮಾನದಂಡದ ಸಿಗ್ನಲ್, ಬೀಗವಿಲ್ಲದ ಚಾನೆಲ್‌ಗಳು. ಕಂಪ್ಯೂಟರಿಗೆ ಒಂದು ಉಪಗ್ರಹ ಟ್ಯೂನರ್ ಕಾರ್ಡ್ ಹಾಕಿ, ಟಿವಿ‌ಹೆಡೆಂಡ್ ಎಂಬ ಸಾಫ್ಟ್‌ವೇರ್ ನಡೆಸಿದರೆ ಲಿನಕ್ಸ್‌ನಲ್ಲಿ ಚಂದನ ನೋಡಬಹುದು, ರೆಕಾರ್ಡ್ ಮಾಡಿಕೊಳ್ಳಬಹುದು, ಮನೆಯ ಎಲ್ಲ ಪರದೆಗಳಿಗೂ ಕಳಿಸಬಹುದು. ಯಾರ ಅಪ್ಪಣೆಯೂ ಬೇಡ.

ಅಂದಹಾಗೆ ಮೇಷ್ಟ್ರ ಮನೆಯಲ್ಲಿ ಕೊನೆಗೆ ಕೈ ಹಿಡಿದದ್ದು ಆ ಸ್ಟಿಕ್ ಅಲ್ಲ, ಅದನ್ನು ಸಿಕ್ಕಿಸಿದ್ದ ಹಳೇ ಟಿವಿ. ಅದರಲ್ಲಿ ಡಿಎಲ್‌ಎನ್‌ಎ ಇತ್ತು. 2003ರಲ್ಲಿ ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಕೂಡಿ ಮಾಡಿಕೊಂಡ ಮಾನದಂಡ ಅದು, ಆ ಒಕ್ಕೂಟವನ್ನೇ 2017ರಲ್ಲಿ ವಿಸರ್ಜಿಸಿದರು. ಲ್ಯಾಪ್‌ಟಾಪಿನಲ್ಲಿ ಮಿನಿಡಿಎಲ್‌ಎನ್‌ಎ ಹಾಕಿ, ತಾಳಮದ್ದಳೆಯ ಫೋಲ್ಡರ್ ತೋರಿಸಿದ ಕೂಡಲೇ ಟಿವಿಯ ಪಟ್ಟಿಯಲ್ಲಿ ಅದು ಬಂತು. ಕೆಲವು ವಿಡಿಯೊಗಳ ಫಾರ್ಮ್ಯಾಟ್ ಟಿವಿಗೆ ಆಗಲಿಲ್ಲ, ಅವಕ್ಕೆ ಎಚ್‌ಡಿಎಂಐ ಕೇಬಲ್.

ಹೊಸ ಪೆಟ್ಟಿಗೆ ಕೊಳ್ಳುವವರು ಒಂದು ಪರೀಕ್ಷೆ ಮಾಡಬಹುದು. ರೂಟರ್ ಆನ್ ಇರಲಿ, ಹೊರಗಿನ ಇಂಟರ್ನೆಟ್ ತಂತಿ ಮಾತ್ರ ತೆಗೆಯಿರಿ. ನಿಮ್ಮದೇ ಲ್ಯಾಪ್‌ಟಾಪಿನಲ್ಲಿರುವ ನಿಮ್ಮದೇ ಹಾಡೊಂದನ್ನು ಅದು ಹಾಡುತ್ತದಾ ನೋಡಿ. ಅಂಗಡಿಯವರು ಇದಕ್ಕೆ ಒಪ್ಪಲಿಕ್ಕಿಲ್ಲ, ವಾಪಸ್ ಮಾಡುವ ಅವಧಿಯೊಳಗೆ ಮನೆಯಲ್ಲೇ ಮಾಡಿ.